ಪರರ ಕಡತ ಕಾಯುವ ಕಸುಬು

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಹೆದ್ದಾರಿಯ ನಡುವೆ ಮಸ್ಕಿ ಎಂಬ ಊರು ಸಿಗುತ್ತದೆ. 1915ರಲ್ಲಿ ಚಿನ್ನದ ಅದಿರನ್ನು ಅರಸುತ್ತಿದ್ದ ಬೀಡನ್ ಎಂಬ ಎಂಜಿನಿಯರು ಇಲ್ಲಿಯ ಗುಡ್ಡದಲ್ಲಿ ಅಕ್ಷರಗಳಿದ್ದ ಬಂಡೆಯೊಂದನ್ನು ಕಂಡರು. ತನ್ನನ್ನು ‘ದೇವಾನಾಂಪ್ರಿಯ’ನೆಂದು ಕರೆದುಕೊಂಡ ಅರಸನ ಶಾಸನಗಳು ದೇಶದ ಹಲವೆಡೆ ಆಗಲೇ ದೊರೆತಿದ್ದವು. ಆತನೇ ಅಶೋಕನೆಂದು ವಿದ್ವಾಂಸರು ಸಿಂಹಳದ ಗ್ರಂಥಗಳ ಆಧಾರದಿಂದ ತೀರ್ಮಾನಿಸಿದ್ದರು. ಆದರೆ ಆತನ ಧರ್ಮಶಾಸನದಲ್ಲಿಯೇ ‘ಅಶೋಕ’ ಎಂಬ ಹೆಸರು ಮೊದಲು ಕಾಣಿಸಿದ್ದು ಮಸ್ಕಿಯ ಬಂಡೆಯ ಮೇಲೆ.

ಎರಡು ಸಾವಿರ ವರ್ಷಗಳಿಗೂ ಮಿಕ್ಕಿ ಆ ಬಂಡೆ ತನ್ನ ದಾಖಲೆಯನ್ನು ಕಾಯ್ದುಕೊಂಡಿತ್ತು. ಅಲ್ಲಲ್ಲಿ ಅಕ್ಷರಗಳು ಅಳಿಸಿದ್ದರೂ ಹೆಸರು ಉಳಿದಿತ್ತು. ಆದರೂ ಅದರಿಂದ ಯಾರಿಗೂ ಪ್ರಯೋಜನವಾಗಿರಲಿಲ್ಲ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮೀ ಲಿಪಿಯನ್ನು ಬಿಡಿಸುವವರೆಗೆ ಅದನ್ನು ಓದಬಲ್ಲವರಿರಲಿಲ್ಲ. ಆಮೇಲೂ 78 ವರ್ಷ ಅದು ಎಲ್ಲಿದೆಯೆಂಬುದು ವಿದ್ವಾಂಸರಿಗೆ ತಿಳಿದಿರಲಿಲ್ಲ. ಉಳಿಯುವುದು ಬೇರೆ, ಬೇಕಾದಾಗ ಕೈಗೆ ಸಿಗುವುದು ಬೇರೆ. ಈ ಎರಡನ್ನೂ ಕೂಡಿಸಿ ಕೊಡುವುದೇ ಇಂದು ಒಂದು ದೊಡ್ಡ ವ್ಯಾಪಾರವಾಗಿದೆ. ಅನ್ಯ ಕಂಪನಿಗಳ ಕಾಗದಪತ್ರಗಳನ್ನು ಬಾಡಿಗೆಗೆ ಕಾಯುವ ಕಸುಬು ಅದು.

ಕಂಪನಿಯೊಂದು ತನ್ನ ಕಾಗದಗಳನ್ನು ಹೊರಗಿನವರಿಗೆ ಏಕೆ ಒಪ್ಪಿಸಬೇಕು? ಕಾರಣ ಸರಳವಾದುದು. 2013ರ ಕಂಪನಿ ಕಾಯಿದೆಯಂತೆ ಲೆಕ್ಕಪತ್ರಗಳನ್ನು ಕನಿಷ್ಠ ಎಂಟು ಆರ್ಥಿಕ ವರ್ಷಗಳ ಕಾಲ ಇಡಬೇಕು. ಸಾಲದ ಪತ್ರಗಳನ್ನು ಸಾಲ ತೀರುವವರೆಗೂ ಕಾಯಬೇಕು. ಬ್ಯಾಂಕುಗಳ ಹೆಸರುಗಳಾದರೋ ಅಷ್ಟು ಕಾಲ ನಿಲ್ಲುವುದಿಲ್ಲ. ರಾಯಚೂರು ಜಿಲ್ಲೆಯವರಿಗೆ ಪರಿಚಿತವಾಗಿದ್ದ ತುಂಗಭದ್ರಾ ಗ್ರಾಮೀಣ ಬ್ಯಾಂಕು 2005ರಲ್ಲಿ ಪ್ರಗತಿ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿತು. ಅದು 2013ರಲ್ಲಿ ಪ್ರಗತಿ ಕೃಷ್ಣಾ ಆಯಿತು, 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕು ಎನಿಸಿತು. ಫಲಕ ಬದಲಾದಾಗಲೆಲ್ಲ ಸಾಲಗಾರನ ಪತ್ರಗಳು ಬದಲಾಗವು. ಅವು ಹೊಸ ಒಡೆಯನ ಕೈಗೆ ಸುರಕ್ಷಿತವಾಗಿ ದಾಟಬೇಕು.

ಈ ವ್ಯಾಪಾರದ ಒಂದು ಪ್ರಸಿದ್ಧ ಆರಂಭವು ಗಣಿಯಲ್ಲಿಯೇ ಆದುದು ಸ್ವಾರಸ್ಯಕರ. ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದಲ್ಲಿ ಹರ್ಮನ್ ನೌಸ್ಟ್ ಎಂಬ ಅಣಬೆಯ ವ್ಯಾಪಾರಿ 1936ರಲ್ಲಿ ಅದಿರು ಮುಗಿದ ಕಬ್ಬಿಣದ ಗಣಿಯೊಂದನ್ನು ಅಣಬೆ ಬೆಳೆಯುವುದಕ್ಕಾಗಿ ಕೊಂಡರು. ಮುಂದೆ ಅಣಬೆಯ ವ್ಯಾಪಾರ ಇಳಿಯಿತು; ಅಣುಬಾಂಬಿನ ಭಯ ಏರಿತು. 1951ರಲ್ಲಿ ಅವರು ಅದೇ ಗಣಿಯನ್ನು ದಾಖಲೆಗಳ ಭಂಡಾರವಾಗಿ ತೆರೆದರು. ಉಳಿತಾಯ ಬ್ಯಾಂಕೊಂದು ತನ್ನ ಠೇವಣಿದಾರರ ಲೆಕ್ಕಗಳ ಮೈಕ್ರೋಫಿಲ್ಮ್ ಪ್ರತಿಗಳನ್ನು ಅಲ್ಲಿಗೆ ಕಳುಹಿಸಿ ಮೊದಲ ಗಿರಾಕಿಯಾಯಿತು. ಆ ಸಂಸ್ಥೆಯೇ ಇಂದು ‘ಐರನ್ ಮೌಂಟನ್’ ಎಂಬ ಹೆಸರಿನಿಂದ ಭಾರತವೂ ಸೇರಿದಂತೆ ಅನೇಕ ದೇಶಗಳಲ್ಲಿ ವ್ಯವಹರಿಸುತ್ತಿದೆ.

ಹಾಗಾದರೆ ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿಯೂ ಗಣಿ ಇದೆಯಲ್ಲ, ಹಳೆಯ ಸುರಂಗಗಳಲ್ಲಿ ಕಡತ ಇಡಬಹುದಲ್ಲ ಎಂದು ವಾಚಕರು ಕೇಳಬಹುದು. ಭೌತಶಾಸ್ತ್ರ ಇಲ್ಲಿ ಅಡ್ಡ ಬರುತ್ತದೆ. ಬೇಸಗೆಯ ಬಿಸಿ, ಚಳಿಗಾಲದ ತಂಪು ನೆಲದೊಳಗೆ ಇಳಿಯುತ್ತ ಹೋದಂತೆ ಕುಗ್ಗುತ್ತವೆ. ಬಂಡೆಯಲ್ಲಿ ಪ್ರತಿ 3 ಮೀಟರು ಆಳಕ್ಕೆ ಈ ವಾರ್ಷಿಕ ಏರಿಳಿತವು ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲಾಗುತ್ತದೆ. 10 ಮೀಟರು ಆಳದಲ್ಲಿ ನೂರಕ್ಕೆ ನಾಲ್ಕೈದು ಪಾಲು ಮಾತ್ರ ಉಳಿಯುತ್ತದೆ. ಹೀಗೆ ನೆಲದೊಳಗಿನ ಉಷ್ಣತೆ ಆ ಪ್ರದೇಶದ ವಾರ್ಷಿಕ ಸರಾಸರಿಯಲ್ಲಿ ಸ್ಥಿರವಾಗಿ ನಿಲ್ಲುತ್ತದೆ. ಆ ಸರಾಸರಿ ನ್ಯೂಯಾರ್ಕ್ ಸಂಸ್ಥಾನದ ಒಳನಾಡಿನಲ್ಲಿ 10 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸು. ನಮ್ಮ ರಾಯಚೂರು ಸೀಮೆಯಲ್ಲಿ ಸುಮಾರು 27 ಡಿಗ್ರಿ. ಅಂದರೆ ಆ ಗಣಿಯ ತಂಪು ಕಲ್ಲಿನ ಕೊಡುಗೆಯಲ್ಲ, ಆ ನಾಡಿನ ಹವೆಯ ಕೊಡುಗೆ. ಇನ್ನೂ ಆಳಕ್ಕೆ ಹೋದರೆ ಭೂಮಿಯ ಒಳಗಿನ ಶಾಖ ಸೇರಿ ಬಂಡೆ ಮತ್ತಷ್ಟು ಬಿಸಿಯಾಗುತ್ತದೆ. ನೀರು ಒಸರುವ ಕಾಟವೂ ಇದೆ.

ಬಿಸಿಯಿಂದ ಕಾಗದಕ್ಕೆ ಏನು ಕೇಡು? ಕಾಗದದ ಜೀವಾಳ ಸೆಲ್ಯುಲೋಸ್ ಎಂಬ ನಾರು. ಕಾಗದದಲ್ಲಿರುವ ಆಮ್ಲವೂ ತೇವವೂ ಕೂಡಿ ಆ ನಾರಿನ ಉದ್ದ ಸರಪಳಿಗಳನ್ನು ತುಂಡರಿಸುತ್ತವೆ. ಉಷ್ಣತೆ 10 ಡಿಗ್ರಿ ಏರಿದರೆ ಇಂಥ ರಾಸಾಯನಿಕ ಕ್ರಿಯೆಯ ವೇಗ ಸ್ಥೂಲವಾಗಿ ಇಮ್ಮಡಿಸುತ್ತದೆ. ಆದುದರಿಂದ 10 ಡಿಗ್ರಿಯಲ್ಲಿ ಇಟ್ಟ ಕಾಗದಕ್ಕಿಂತ 27 ಡಿಗ್ರಿಯಲ್ಲಿ ಇಟ್ಟ ಅದೇ ಕಾಗದ ಮೂರು ಪಟ್ಟಿಗೂ ಹೆಚ್ಚು ವೇಗವಾಗಿ ಮುಪ್ಪಾಗುತ್ತದೆ.

ಹಾಗೆಂದು ಕೋಣೆಯನ್ನು ತಂಪು ಮಾಡಿದರಷ್ಟೇ ಸಾಲದು. 27 ಡಿಗ್ರಿಯಲ್ಲಿ ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡ 60 ಇದೆ ಎನ್ನೋಣ. ಆ ಗಾಳಿಯಿಂದ ನೀರಾವಿಯನ್ನು ತೆಗೆಯದೆ 20 ಡಿಗ್ರಿಗೆ ಇಳಿಸಿದರೆ ಆರ್ದ್ರತೆ ಶೇಕಡ 91ರಷ್ಟಾಗುತ್ತದೆ. ಏಕೆಂದರೆ ತಣ್ಣನೆಯ ಗಾಳಿ ಹಿಡಿದಿಡಬಲ್ಲ ಆವಿ ಕಡಿಮೆ. ಶೇಕಡ 65 ದಾಟಿದರೆ ಬೂಷ್ಟಿಗೆ ಆಹ್ವಾನವಿತ್ತಂತೆ. ಮಳೆಗಾಲದಲ್ಲಿ ಮುಚ್ಚಿಟ್ಟ ಬೀರುವಿನ ಕಾಗದಗಳು ಮುಗ್ಗಲು ವಾಸನೆ ಹೊಡೆಯುವುದು ಇದರಿಂದಲೇ. ಒಳ್ಳೆಯ ಭಂಡಾರವು ಆದ ಕಾರಣ ಎರಡು ಕೆಲಸ ಮಾಡಬೇಕು. ಉಷ್ಣತೆಯನ್ನು ತಗ್ಗಿಸಬೇಕು, ಗಾಳಿಯ ತೇವವನ್ನೂ ಹೀರಬೇಕು.

ಸಿಂಧನೂರಿನ ಭತ್ತದ ಗೋದಾಮಿನವರಿಗೆ ಈ ಮಾತು ಹೊಸದಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರಿನಿಂದ ಬೆಳೆದ ಭತ್ತವನ್ನು ಶೇಕಡ 14ರ ತೇವಾಂಶಕ್ಕಾದರೂ ಒಣಗಿಸದೆ ಬಹುಕಾಲ ಇಡಬಾರದೆಂದು ಅವರು ಬಲ್ಲರು. ನೆಲದ ಥಂಡಿ ತಾಗದಂತೆ ಚೀಲಗಳ ಅಡಿಗೆ ಮರದ ಹಲಗೆ ಹಾಕುತ್ತಾರೆ. ಗೋಡೆಗೆ ತಾಗದಂತೆ ಒಟ್ಟುತ್ತಾರೆ. ಪರರ ಸೊತ್ತನ್ನು ಬಾಡಿಗೆಗೆ ಕಾಯ್ದು ರಸೀತಿ ಕೊಡುವ ಪದ್ಧತಿಯೂ ಅವರದೇ. ಆದರೆ ಒಂದು ಭೇದವುಂಟು. ಒಬ್ಬನು ಇಟ್ಟ ನೂರು ಚೀಲ ಭತ್ತಕ್ಕೆ ಅದೇ ತಳಿಯ, ಅದೇ ದರ್ಜೆಯ ಬೇರೆ ನೂರು ಚೀಲ ಕೊಟ್ಟರೆ ಲೆಕ್ಕ ಚುಕ್ತಾ. ಒಬ್ಬನ ಖರೀದಿಪತ್ರಕ್ಕೆ ಬದಲಾಗಿ ಇನ್ನೊಬ್ಬನ ಖರೀದಿಪತ್ರ ಕೊಡಲಾಗದು. ಕಡತದ ಗೋದಾಮಿನಲ್ಲಿ ಪ್ರತಿಯೊಂದು ಹಾಳೆಯೂ ಬೇರೆ ಬೇರೆ ಸರಕು.

ಆದ ಕಾರಣ ಈ ಕಸುಬಿನಲ್ಲಿ ಗಾಳಿಯಷ್ಟೇ ಮುಖ್ಯವಾದುದು ವಿಳಾಸ. ಎ4 ಅಳತೆಯ 500 ಹಾಳೆಗಳ ಕಟ್ಟು ಸುಮಾರು ಎರಡೂವರೆ ಕಿಲೋಗ್ರಾಂ ತೂಗುತ್ತದೆ. ಅಂಥ ಆರು ಕಟ್ಟು ಹಿಡಿಯುವ ರಟ್ಟಿನ ಪೆಟ್ಟಿಗೆ 15 ಕಿಲೋಗ್ರಾಂ. ಒಂದು ಲಕ್ಷ ಪೆಟ್ಟಿಗೆಯಾದರೆ 1500 ಟನ್! ಇವನ್ನು ಗಿರಾಕಿಯ ಹೆಸರಿನ ಕ್ರಮದಲ್ಲಿ ಜೋಡಿಸಲು ಹೊರಟರೆ ಹೊಸ ಪೆಟ್ಟಿಗೆ ಬಂದಾಗಲೆಲ್ಲ ಹಳೆಯವನ್ನು ಸರಿಸಬೇಕು. ಹಾಗೆ ಮಾಡದೆ ಖಾಲಿಯಿದ್ದ ಜಾಗದಲ್ಲಿ ಪೆಟ್ಟಿಗೆಯನ್ನಿಟ್ಟು, ಪೆಟ್ಟಿಗೆಯ ಬಾರ್‌ಕೋಡನ್ನೂ ಜಾಗದ ಬಾರ್‌ಕೋಡನ್ನೂ ಯಂತ್ರದಿಂದ ಓದಿ ಗಣಕದಲ್ಲಿ ಜೋಡಿ ಮಾಡುತ್ತಾರೆ. ಪೆಟ್ಟಿಗೆಯ ಮೇಲೆ ಒಡೆಯನ ಹೆಸರನ್ನು ಬರೆಯಬೇಕಾಗಿಯೇ ಇಲ್ಲ. ಅದರಿಂದ ಕಳ್ಳನಿಗೂ ಯಾವುದು ಯಾರದೆಂದು ತಿಳಿಯದು.

ಆದರೆ ಒಮ್ಮೆ ಜೋಡಿ ತಪ್ಪಿತೆನ್ನಿ. ಒಂದು ಲಕ್ಷ ಪೆಟ್ಟಿಗೆಗಳಲ್ಲಿ ಒಂದನ್ನು ಹುಡುಕಬೇಕು. ಪೆಟ್ಟಿಗೆಗೆ ಒಂದು ನಿಮಿಷದಂತೆ, ದಿನಕ್ಕೆ ಎಂಟು ಗಂಟೆ ನೋಡುತ್ತ ಹೋದರೆ ಎಲ್ಲವನ್ನೂ ನೋಡಿ ಮುಗಿಸಲು ಒಬ್ಬನಿಗೆ 208 ದಿನ ಬೇಕು. ಕಾಗದ ಸುಟ್ಟಿಲ್ಲ, ಗೆದ್ದಲು ತಿಂದಿಲ್ಲ; ಆದರೂ ಅದು ಬೀಡನ್ ಬರುವ ಮುಂಚಿನ ಮಸ್ಕಿಯ ಬಂಡೆಯಂತೆ ಇದ್ದೂ ಇಲ್ಲದಂತೆ.

ಬೆಂಕಿಯ ಭಯವನ್ನೂ ಮರೆಯುವಂತಿಲ್ಲ. ಒತ್ತಾಗಿ ಕಟ್ಟಿದ ಕಾಗದ ಸುಲಭವಾಗಿ ಉರಿಯದು. ಆದರೆ ಎತ್ತರದ ಕಪಾಟುಗಳ ನಡುವಿನ ಸಂದುಗಳು ಹೊಗೆಗೊಳವೆಯಂತೆ ವರ್ತಿಸಿ ಜ್ವಾಲೆಯನ್ನು ಮೇಲಕ್ಕೆ ಸೆಳೆಯುತ್ತವೆ. 2014ರ ಫೆಬ್ರವರಿಯಲ್ಲಿ ಅರ್ಜೆಂಟೀನಾದ ಬ್ಯೂನಸ್ ಐರಿಸ್ ನಗರದ ದಾಖಲೆ ಭಂಡಾರವೊಂದು ಹೊತ್ತಿ ಉರಿದಾಗ ಗೋಡೆ ಕುಸಿದು ಅಗ್ನಿಶಾಮಕರೂ ರಕ್ಷಣಾ ಸಿಬ್ಬಂದಿಯೂ ಸೇರಿ ಹತ್ತು ಮಂದಿ ಮಡಿದರು. ಎಲ್ಲವನ್ನೂ ಒಂದೇ ಸೂರಿನಡಿ ತಂದರೆ ಕಾಯುವುದು ಸುಲಭ. ಕಳೆದುಕೊಳ್ಳುವುದೂ ಅಷ್ಟೇ ಸುಲಭ.

ಪ್ರತಿಗಳನ್ನು ಬೇರೆ ಬೇರೆ ಊರುಗಳಲ್ಲಿ ಇಡುವುದೊಂದೇ ಇದಕ್ಕೆ ಉಪಾಯ. 2000ದಲ್ಲಿ ‘ಭೂಮಿ’ ಯೋಜನೆ ಕರ್ನಾಟಕದ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿತು. 2024ರಲ್ಲಿ ಆರಂಭವಾದ ‘ಭೂ ಸುರಕ್ಷಾ’ ಯೋಜನೆಯು ತಾಲ್ಲೂಕು ಕಚೇರಿಗಳ ಹಳೆಯ ಕಡತಗಳ ಪ್ರತಿಬಿಂಬ ತೆಗೆಯಲು ತೊಡಗಿತು. ಇಷ್ಟಾದರೂ ಗಣಕದ ತಟ್ಟೆ ಬಂಡೆಯಲ್ಲ. ಕೆಲವೇ ವರ್ಷಗಳಿಗೊಮ್ಮೆ ಅದರಲ್ಲಿರುವುದನ್ನು ಹೊಸ ತಟ್ಟೆಗೆ ಇಳಿಸುತ್ತಿರಬೇಕು. ಓದುವ ಯಂತ್ರವೂ ಜೊತೆಗೆ ಉಳಿಯಬೇಕು. ಇಲ್ಲವಾದರೆ ಪ್ರಿನ್ಸೆಪ್ ಹುಟ್ಟುವ ಮುಂಚಿನ ಬ್ರಾಹ್ಮಿಯ ಗತಿಯೇ ಅದಕ್ಕೂ.

ಕೊನೆಗೊಂದು ಮುಖ್ಯ ವಿಚಾರ. ಈ ವ್ಯಾಪಾರದಲ್ಲಿ ಬಾಡಿಗೆ ಕೊಡುವ ಗಿರಾಕಿ ಬ್ಯಾಂಕು ಅಥವಾ ಕಂಪನಿ. ಆದರೆ ಪೆಟ್ಟಿಗೆಯೊಳಗಿನ ಖರೀದಿಪತ್ರದಲ್ಲಿರುವುದು ಮನೆ ಕಟ್ಟಲು ಸಾಲ ಮಾಡಿದ ಸಂಸಾರಿಯ ಹೆಸರು. ತನ್ನ ಪತ್ರ ಯಾವ ಊರಿನ ಯಾವ ಕಪಾಟಿನಲ್ಲಿದೆಯೆಂದು ಆತನಿಗೆ ತಿಳಿಯದು. ಇದನ್ನು ಗಮನಿಸಿಯೇ ಭಾರತೀಯ ರಿಸರ್ವ್ ಬ್ಯಾಂಕು 2023ರ ಸೆಪ್ಟೆಂಬರಿನಲ್ಲಿ ನಿಯಮ ಹೊರಡಿಸಿತು. ಮನೆಸಾಲವೂ ಸೇರಿದ ವೈಯಕ್ತಿಕ ಸಾಲ ಪೂರ್ತಿ ತೀರಿದ 30 ದಿನಗಳೊಳಗೆ ಮೂಲ ಪತ್ರಗಳನ್ನು ಹಿಂದಿರುಗಿಸಬೇಕು. ಸಾಲ ಕೊಟ್ಟವರಿಂದಲೇ ತಡವಾದರೆ ದಿನಕ್ಕೆ 5000 ರೂಪಾಯಿ ಪರಿಹಾರ. ಪತ್ರ ಕಳೆದುಹೋದರೆ ಅದರ ದೃಢೀಕೃತ ಪ್ರತಿಯನ್ನು ಪಡೆಯಲು ನೆರವಾಗಿ ವೆಚ್ಚವನ್ನೂ ಭರಿಸಬೇಕು. ಪತ್ರ ಎಂದು, ಎಲ್ಲಿ ಹಿಂದಿರುಗುವುದೆಂಬುದನ್ನು ಸಾಲ ಮಂಜೂರಾತಿಯ ಪತ್ರದಲ್ಲಿಯೇ ನಮೂದಿಸಬೇಕು.

ಆದ್ದರಿಂದ ಪತ್ರಗಳನ್ನು ಒಪ್ಪಿಸುವ ದಿನ ಅವುಗಳ ಪಟ್ಟಿಗೆ ರುಜು ಹಾಕಿಸಿ ತೆಗೆದುಕೊಳ್ಳಿರಿ. ಉಪನೋಂದಣಿ ಕಚೇರಿಯಿಂದ ದೃಢೀಕೃತ ನಕಲು ಪಡೆದು ಮನೆಯಲ್ಲಿ ಒಣ ಜಾಗದಲ್ಲಿ, ನೆಲದಿಂದ ಮೇಲೆ ಇಡಿರಿ. ಎಲ್ಲಿಟ್ಟಿದ್ದೀರೆಂದು ಮನೆಯಲ್ಲಿ ಇನ್ನೊಬ್ಬರಿಗೂ ಹೇಳಿರಿ. ಮಸ್ಕಿಯ ಬಂಡೆ ತನ್ನನ್ನು ಕಾಣುವವನಿಗಾಗಿ ಎರಡು ಸಾವಿರ ವರ್ಷ ಕಾಯಬಲ್ಲುದಾಯಿತು. ನಮ್ಮ ಕಾಗದಕ್ಕೆ ಅಷ್ಟು ಆಯುಸ್ಸಿಲ್ಲ, ನಮಗೂ ಇಲ್ಲ.