ಸಿಟ್ಟಿಗೊಂದು ರಾಗ

ಕಿರುಚೋ ಹಾಡಿಗೆ ರಾಗ ಸೇರಿಸಿದ್ರೆ ಸಿಟ್ಟು ಸಪ್ಪಗಾಗಲ್ವಾ?
ಬ್ಯಾಡ್ ರಿಲಿಜನ್ ಕೇಳಿ, ಆಮೇಲೆ ಹೇಳಿ.
1980, ಲಾಸ್ ಏಂಜಲೀಸ್. ಹೈಸ್ಕೂಲ್ ಹುಡುಗರು ಕಟ್ಟಿದ ಪಂಕ್ ಬ್ಯಾಂಡ್.
1983ರಲ್ಲಿ ಕೀಬೋರ್ಡ್ ತಂದು ವೇಗ ಇಳಿಸಿದ್ರು.
ಪಂಕ್ ಅಭಿಮಾನಿಗಳು ಮುಖ ತಿರುಗಿಸಿದ್ರು.
ಹಾಗಾದ್ರೆ ತಪ್ಪು ರಾಗದ್ದಾ? ಅಲ್ಲ, ನಿಧಾನದ್ದು.
1988ರ ‘ಸಫರ್’ ಆಲ್ಬಂ ನೋಡಿ: ಅರ್ಧ ಗಂಟೆಯೊಳಗೆ 15 ಹಾಡು.
ಡ್ರಮ್ಸ್ ಉಸಿರಾಡೋಕೇ ಬಿಡಲ್ಲ;
ಅದರ ಮೇಲೆ ಎರಡು ಮೂರು ಕಂಠ ಒಟ್ಟಿಗೆ ‘ಆ…’ ಅಂತ ಎಳೀತವೆ.
ಓಡೋ ರೈಲಲ್ಲಿ ಭಜನಾ ಮಂಡಳಿ ಕೂತಂಗೆ!

ಇದು ಪಾಪ್ ಅಲ್ವಾ ಅಂತೀರಾ? ಕಸುಬು ಪಾಪ್‌ನದೇ, ಒಪ್ಪೋಣ.
2000ದ ಆಲ್ಬಂ ಮಾಡಿಕೊಟ್ಟಿದ್ದೇ ಪಾಪ್ ಪಂಡಿತ ಟಾಡ್ ರಂಡ್‌ಗ್ರೆನ್.
ಆದ್ರೆ ಮಾತು? ಧರ್ಮ, ಅಧಿಕಾರ, ವಿಜ್ಞಾನ.
ಗಾಯಕ ಗ್ರೆಗ್ ಗ್ರಾಫಿನ್ ಪ್ರಾಣಿಶಾಸ್ತ್ರದಲ್ಲಿ ಪಿಎಚ್‌ಡಿ ಬೇರೆ!
ಅವನ ಹಾಡಲ್ಲಿ ಬರೋ ಉದ್ದುದ್ದ ಪದ ಕಿರುಚಿದ್ರೆ ಬರೀ ಗದ್ದಲ;
ರಾಗದಲ್ಲಿ ಒಂದೊಂದೂ ಕಿವಿಗೆ ಬೀಳುತ್ತೆ.