ಕೀಲಿಕೈ ಯಾರ ಕೈಯಲ್ಲಿ?

ಬೀದರಿನ ಕೋಟೆಯನ್ನು ಕಂಡವರು ಬಂಡೆ ಕಡಿದು ತೋಡಿದ ಅದರ ಮೂರು ಸಾಲಿನ ಕಂದಕವನ್ನು ಮರೆಯಲಾರರು. ಬಾಗಿಲಿಗೆ ಮಾತ್ರವಲ್ಲ, ಬಾಗಿಲಿಗೆ ಬರುವ ದಾರಿಗೂ ಕಾವಲು ಬೇಕೆಂಬುದು ಅದು ಕಲಿಸುವ ಪಾಠ. ಭಾಲ್ಕಿಯಲ್ಲಿರುವ ತಂದೆಯ ಕಂಪ್ಯೂಟರನ್ನೋ ಔರಾದಿನ ಅಂಗಡಿಯ ಲೆಕ್ಕವನ್ನೋ ಬೀದರಿನಲ್ಲಿ ಕುಳಿತೇ ತಿದ್ದಬಲ್ಲ ಇಂದಿನವರಿಗೂ ಆ ಪಾಠ ಬೇಕು.

ವಿಂಡೋಸಿನಲ್ಲಿ ಈ ಬಾಗಿಲಿನ ಹೆಸರು ರಿಮೋಟ್ ಡೆಸ್ಕ್‌ಟಾಪ್; ಅದರ ರೂಢಿಯ ಪೋರ್ಟ್ 3389. ಲಿನಕ್ಸ್, ಮ್ಯಾಕ್‌ಗಳಲ್ಲಿ ಬಳಸುವ ವಿಎನ್‌ಸಿಯದು 5900. ಈ ಸಂಖ್ಯೆಗಳನ್ನು ಕಳ್ಳರೂ ಬಲ್ಲರು. ಆದುದರಿಂದ ಬಾಗಿಲನ್ನು ಅಂತರಜಾಲಕ್ಕೆ ನೇರವಾಗಿ ತೆರೆಯಲಾಗದು. ವಿಪಿಎನ್ನೇ ನಮ್ಮ ಕಂದಕ. ಉದ್ದನೆಯ ಪಾಸ್‌ವರ್ಡು, ಸಾಧ್ಯವಿದ್ದಲ್ಲಿ ಮೊಬೈಲಿನ ಎರಡನೆಯ ಸಂಕೇತ, ಇವು ಜೋಡಿ ಬೀಗಗಳು. 2019ರ ಮೇ ತಿಂಗಳಲ್ಲಿ ಹಳೆಯ ವಿಂಡೋಸಿನ ಇದೇ ಬಾಗಿಲಲ್ಲಿ ‘ಬ್ಲೂಕೀಪ್’ ಎಂಬ ಬಿರುಕು ಬಯಲಾಯಿತು, ಪಾಸ್‌ವರ್ಡಿಲ್ಲದೆಯೇ ಒಳನುಗ್ಗಬಹುದಾಗಿತ್ತು. ಮೈಕ್ರೋಸಾಫ್ಟ್ ದುರಸ್ತಿಯನ್ನೇನೋ ಒದಗಿಸಿತು. ಅಪ್‌ಡೇಟನ್ನು ನಾಳೆಗೆ ತಳ್ಳಿದವರಿಗೆ ಅದರಿಂದೇನು ಫಲ?

ಇಷ್ಟಾದರೂ ಕೀಲಿಕೈಯನ್ನು ನಾವೇ ಒಪ್ಪಿಸಿದರೆ? ಬ್ಯಾಂಕಿನವರೆಂದು ಕರೆಮಾಡಿ, ಎನಿಡೆಸ್ಕ್‌ನಂತಹ ಆ್ಯಪ್ ಹಾಕಿಸಿ, ಅದು ತೋರಿಸುವ ಅಂಕಿಗಳನ್ನು ಕೇಳುವ ವಂಚಕರ ಬಗ್ಗೆ ರಿಸರ್ವ್ ಬ್ಯಾಂಕು 2019ರಲ್ಲಿಯೇ ಎಚ್ಚರಿಸಿತ್ತು. ಅಂತಹ ಕರೆಯನ್ನು ಅಲ್ಲಿಯೇ ಕಡಿಯಿರಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ತಿಳಿಸಿರಿ. ಮನೆಯವರೇ ಬಾಗಿಲು ತೆರೆದುಕೊಟ್ಟಾಗ ಕಂದಕವಾದರೂ ಏನು ಮಾಡೀತು?