ಬಾಟ್ ಏನನ್ನು ನೆನಪಿಡಬೇಕು, ಎಷ್ಟು ಹೊತ್ತು?

ಪಾರ್ಸೆಲ್ ಎಲ್ಲಿದೆ ಎಂದು ಕೇಳಿದರೆ ಚಾಟ್‌ಬಾಟ್ ಆರ್ಡರ್ ನಂಬರ್ ಕೇಳುತ್ತದೆ. ಕೊಟ್ಟರೆ, "ಹುಬ್ಬಳ್ಳಿ ತಲುಪಿದೆ" ಅನ್ನುತ್ತದೆ. ಸರಿ, ಮನೆಗೆ ಯಾವಾಗ ಬರುತ್ತೆ? "ದಯವಿಟ್ಟು ನಿಮ್ಮ ಆರ್ಡರ್ ನಂಬರ್ ನೀಡಿ."

ತಪ್ಪು ಬಾಟ್‌ನದಲ್ಲ, ಅದನ್ನು ಕಟ್ಟಿದವರದು. ಹಿಂದಿನ ಮಾತು ಮುಂದಿನ ಮಾತಿಗೆ ಒದಗಬೇಕಾದರೆ ಅದನ್ನು ಒಂದು ಹೆಸರಿನಡಿ ಎತ್ತಿಡಬೇಕು. ಅದೇ ಕಾಂಟೆಕ್ಸ್ಟ್ ವೇರಿಯಬಲ್. ಬಾಟ್ ಕಟ್ಟಲು ‘ರಾಸಾ’ ಎಂಬ ಸಾಧನ ಬಳಸುವವರು ಇದನ್ನು ಸ್ಲಾಟ್ ಅನ್ನುತ್ತಾರೆ. ಉಪಾಯವೇನೂ ಹೊಸದಲ್ಲ. ಎಂಐಟಿಯ ಜೋಸೆಫ್ ವೈಜೆನ್‌ಬಾಮ್ 1966ರಲ್ಲಿ ಪ್ರಕಟಿಸಿದ ‘ಎಲಿಜಾ’ ಎಂಬ ಚಾಟ್‌ಬಾಟ್ ಕೂಡ, ಬಳಕೆದಾರರು ‘ನನ್ನ’ ಎಂದು ಹೇಳಿಕೊಂಡ ಮಾತುಗಳಲ್ಲಿ ಕೆಲವನ್ನು ಎತ್ತಿಟ್ಟುಕೊಂಡು, ಉತ್ತರ ತೋಚದಾಗ ಅವನ್ನೇ ಕೆದಕುತ್ತಿತ್ತು!

ವೇರಿಯಬಲ್ ಮಾಡುವುದು ಸುಲಭ. ಆರ್ಡರ್ ನಂಬರ್‌ಗೊಂದು, ಭಾಷೆಗೊಂದು, ದೂರಿನ ಬಗೆಗೊಂದು. ಖಾಲಿಯಿದ್ದರೆ ಮಾತ್ರ ಕೇಳು ಎಂಬ ಷರತ್ತು ಹಾಕಿದರೆ ಅರ್ಧ ಕಿರಿಕಿರಿ ತಪ್ಪುತ್ತದೆ. ಗ್ರಾಹಕರು ಆ್ಯಪ್‌ನಲ್ಲಿ ಲಾಗಿನ್ ಆಗಿದ್ದರೆ ಹೆಸರು, ಫೋನ್ ನಂಬರ್ ಕೇಳುವುದೇ ಬೇಡ, ಆ್ಯಪ್ ತಾನೇ ದಾಟಿಸಬಹುದು.

ಕಷ್ಟ ಇರುವುದು ಅಳಿಸುವುದರಲ್ಲಿ. ಒಬ್ಬರು ಸೀರೆಯನ್ನೂ ಕುಕ್ಕರನ್ನೂ ಬೇರೆ ಬೇರೆ ಆರ್ಡರ್ ಮಾಡಿದ್ದಾರೆ ಎನ್ನಿ. ಸೀರೆಯ ವಿಷಯ ಮುಗಿಸಿ ಕುಕ್ಕರ್ ಬಗ್ಗೆ ವಿಚಾರಿಸಿ, "ಅದನ್ನ ಕ್ಯಾನ್ಸಲ್ ಮಾಡಿ" ಅನ್ನುತ್ತಾರೆ. ವೇರಿಯಬಲ್‌ನಲ್ಲಿ ಹಳೆಯ ನಂಬರೇ ಕೂತಿದ್ದರೆ ರದ್ದಾಗುವುದು ಸೀರೆ. ನಂಬರ್ ಬದಲಾದರೂ ಸಾಲದು, ಅದಕ್ಕೆ ಅಂಟಿಕೊಂಡ ವಿಳಾಸ, ವಾಪಸಾತಿಯ ಕಾರಣಗಳನ್ನೂ ಖಾಲಿ ಮಾಡಬೇಕು. ಇಲ್ಲವಾದರೆ ಕುಕ್ಕರಿಗೂ ‘ಬಣ್ಣ ಹಿಡಿಸಲಿಲ್ಲ’ ಎಂಬ ಕಾರಣ ದಾಖಲಾದೀತು. ಬಾಟ್ ಕಟ್ಟುವ ಗೂಗಲ್‌ನ ಸಾಧನ ಡೈಲಾಗ್‌ಫ್ಲೋ ಇಎಸ್‌ನಲ್ಲಿ ಕಾಂಟೆಕ್ಸ್ಟ್‌ಗೆ ಆಯಸ್ಸೇ ಇದೆ: ನಾವಾಗಿ ಬದಲಿಸದಿದ್ದರೆ 5 ಸರದಿ, ಹೆಚ್ಚೆಂದರೆ 20 ನಿಮಿಷ. ನನ್ನ ಮಟ್ಟಿಗೆ ಇದು ಒಳ್ಳೆಯ ಶಿಸ್ತು. ಆದರೆ ಗ್ರಾಹಕರು ಬಿಲ್ ಹುಡುಕಲು ಎದ್ದು ಹೋಗಿ ಬರುವಷ್ಟರಲ್ಲಿ ಆಯಸ್ಸು ತೀರದಂತೆ ನೋಡಿಕೊಳ್ಳಬೇಕಷ್ಟೆ.

ನಮ್ಮ ಕಡೆ ಭಾಷೆಯ ವೇರಿಯಬಲ್ಲೂ ತಕರಾರಿನದೇ. ಫೋನ್ ಸೆಟ್ಟಿಂಗ್ ಇಂಗ್ಲಿಷ್‌ನಲ್ಲಿದೆ ಎಂದು ಮೊದಲೇ ‘ಇಂಗ್ಲಿಷ್’ ಎಂದು ತುಂಬಿಬಿಡುತ್ತಾರೆ. ಬಳಸುವವರು ಇಂಗ್ಲಿಷ್ ಅಕ್ಷರದಲ್ಲೇ ‘ಯಾವಾಗ ಬರತ್ತೆ’ ಎಂದು ಟೈಪ್ ಮಾಡಿದರೆ ಬಾಟ್‌ಗೆ ಅರ್ಥವಾಗದು. ಪ್ರತಿ ಮೆಸೇಜಿಗೂ ಭಾಷೆಯನ್ನು ಮತ್ತೆ ಪರೀಕ್ಷಿಸುವುದೇ ವಾಸಿ.

ಇನ್ನು ಒಟಿಪಿ, ಕಾರ್ಡಿನ ಸಿವಿವಿ. ಇವನ್ನು ವೇರಿಯಬಲ್‌ಗೆ ತುಂಬಲೇಬಾರದು. ವೇರಿಯಬಲ್‌ನಲ್ಲಿ ಇದ್ದದ್ದು ಎಷ್ಟೋ ಸಲ ಲಾಗ್‌ಗೂ ಇಳಿಯುತ್ತದೆ, ಅಲ್ಲಿಂದ ಯಾರ ಯಾರ ಕಂಪ್ಯೂಟರಿಗೋ ಹೋಗುತ್ತದೆ. ಉದ್ದೇಶ ಮುಗಿದ ಮೇಲೆ ವೈಯಕ್ತಿಕ ಮಾಹಿತಿಯನ್ನು ಅಳಿಸಬೇಕೆಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಹೇಳುತ್ತದೆ. ಹಾಗಾಗಿ ವೇರಿಯಬಲ್‌ಗಳ ಪಟ್ಟಿ ಬರೆಯುವಾಗಲೇ, ಯಾವುದು ಯಾವಾಗ ಅಳಿಯಬೇಕೆಂದು ಪಕ್ಕದಲ್ಲೇ ಗುರುತು ಹಾಕಿಕೊಳ್ಳುವುದು ಒಳ್ಳೆಯದು.